ಗೋಡೆಯ ಮೇಲಿನ ರೊಟ್ಟಿ

ನಮ್ಮ ಊಟದ ಮೇಜಿನ ಮೇಲೆ ಈಗ ಒಂದು ರೊಟ್ಟಿ ಇದೆ. ದುಂಡಗಿದೆ, ದೋಸೆಕಲ್ಲಿಗಿಂತ ಸ್ವಲ್ಪ ಚಿಕ್ಕದು. ಅಂಚು ದಪ್ಪ, ನಡು ತೆಳು, ನಡುವೆ ಹೂವಿನಂಥ ಅಚ್ಚು. ಬೆರಳಿನಿಂದ ಬಡಿದರೆ ಹಲಗೆ ಬಡಿದ ಸದ್ದು ಬರುತ್ತದೆ. ಮೂಗಿನ ಹತ್ತಿರ ಹಿಡಿದರೆ ಕರಿಜೀರಿಗೆಯ ಹಳೆಯ ವಾಸನೆ, ಅದರ ಹಿಂದೆ ಇನ್ನೂ ಹಳೆಯ ಹೊಗೆ. ಅಂಚಿನಲ್ಲಿ ಒಂದು ಕಡೆ ಕಚ್ಚಿದ ಗುರುತಿದೆ. ಆ ಹಲ್ಲು ನನ್ನದು.

ನಿನ್ನದೇ ಎಂದು ಹೇಗೆ ಹೇಳುತ್ತೀಯ ಎಂದು ನೀವು ಕೇಳಬೇಕು. ಸುದ್ದಿಮನೆಯಲ್ಲಿ ಇತರರ ಬರಹ ತಿದ್ದುವ ಮೇಜಿನಲ್ಲಿ ಕೂತು ನಾನು ಬಹಳ ವರ್ಷಗಳಿಂದ ಕೇಳುತ್ತಾ ಬಂದಿರುವುದೂ ಇದನ್ನೇ: ಇದು ನಿನಗೆ ಹೇಗೆ ಗೊತ್ತು? ಯಾರು ಹೇಳಿದರು? ಉತ್ತರ ಹೇಳುತ್ತೇನೆ. ನನ್ನ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿ ಇದೆ. ಕಚ್ಚಿದ ಗುರುತಿನ ನಡುವೆಯೂ ರೊಟ್ಟಿಯ ಒಂದು ಸಣ್ಣ ಏಣು ಹಾಗೇ ಉಳಿದುಕೊಂಡಿದೆ. ಮ್ಯಾನ್‌ಹಟನ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ದಿನವಿಡೀ ರೋಗಾಣುಗಳನ್ನು ನೋಡುವ ನನ್ನ ಹೆಂಡತಿ ಶಾರದೆ ಭೂತಗನ್ನಡಿ ಹಿಡಿದು ಪರೀಕ್ಷಿಸಿ ಒಪ್ಪಿದ್ದಾಳೆ.

"ಹಲ್ಲು ನಿಮ್ದೇ, ಡೌಟಿಲ್ಲ. ಆದ್ರೆ ಬೂಷ್ಟು ಒಂದು ಚೂರೂ ಇಲ್ವಲ್ರೀ. ನಮ್ಮ ಫ್ರಿಜ್ಜಲ್ಲಿರೋ ಬ್ರೆಡ್ಡು ವಾರಕ್ಕೆ ಹಸಿರಾಗತ್ತೆ. ಇದು ಇಷ್ಟು ವರ್ಷ ಹೇಗೆ ಇತ್ತು?"

ಗೋಡೆಯ ಮೇಲಿತ್ತು. ಯಾವ ಗೋಡೆ ಎಂದು ಹೇಳಬೇಕಾದರೆ ನಿಮ್ಮನ್ನು ತಾಷ್ಕೆಂಟಿಗೆ ಕರೆದುಕೊಂಡು ಹೋಗಬೇಕು. ಬನ್ನಿ, ನಾನು ಹೋದಷ್ಟು ಅಗ್ಗದಲ್ಲೇ ಕರೆದುಕೊಂಡು ಹೋಗುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ಮೈಸೂರಿನಲ್ಲಿ ಅಕ್ಕನ ಮಗಳ ಮದುವೆ ಗೊತ್ತಾಗಿತ್ತು. ಶಾರದೆಗೆ ರಜೆ ಸಿಗಲಿಲ್ಲ. ನಾನೊಬ್ಬನೇ ಹೋಗುವುದಾದರೆ ಅತಿ ಕಡಿಮೆ ದರದ ಟಿಕೆಟ್ ಯಾವುದೆಂದು ವಿಚಾರಿಸಿದಾಗ ಎಲ್ಲರೂ ತೋರಿಸಿದ್ದು ಪಾಟೀಲರನ್ನು. ಪಾಟೀಲರು ಧಾರವಾಡದವರು, ಸೀಕಾಕಸ್‌ನ ಗೋದಾಮೊಂದರಲ್ಲಿ ಎಂಜಿನಿಯರು. ನ್ಯೂಜೆರ್ಸಿಯ ಕನ್ನಡಿಗರ ಪೈಕಿ ವಿಮಾನದ ದರಗಳನ್ನು ಪಂಚಾಂಗದಂತೆ ಬಾಯಲ್ಲಿ ಇಟ್ಟುಕೊಂಡಿದ್ದವರು ಅವರೊಬ್ಬರೇ.

"ಮಾಸ್ಕೋದಾಗ ವಿಮಾನ ಬದಲಿ ಮಾಡ್ರಿ, ತಾಷ್ಕೆಂಟದಾಗ ಮೂರು ದಿನ ಕುಂದರ್ರಿ, ಆಮ್ಯಾಲೆ ದಿಲ್ಲಿ. ಹೋಟೆಲ್ ಟಿಕೀಟಿನಾಗ ಬರ್ತದ. ನಾ ಎರಡು ಸಲ ಹೋಗೇನಿ, ಏನೂ ಆಗೂದಿಲ್ಲ. ಒಂದ ಮಾತು ಸರ, ಪೇಪರ್‌ನವ ಅಂತ ಎಲ್ಲೂ ಬಾಯಿ ಬಿಡಬ್ಯಾಡ್ರಿ," ಎಂದರು.

ನಾನು ಸುದ್ದಿ ಬರೆಯುವವನಲ್ಲ, ಬರೆದವರ ಅಲ್ಪವಿರಾಮ ಸರಿಮಾಡುವವನು ಎಂದೆ. ಆ ಸೂಕ್ಷ್ಮ ಅಲ್ಲಿನ ಪೊಲೀಸರಿಗೆ ತಿಳಿಯಲಿಕ್ಕಿಲ್ಲ ಎಂದರು ಪಾಟೀಲರು. ಅವರ ಮಾತಿಗೆ ಬೆಲೆ ಕೊಟ್ಟು, ಎಲ್ಲಿ ಹೋದರೂ ಜೇಬಿನಲ್ಲಿರುತ್ತಿದ್ದ ಟಿಪ್ಪಣಿ ಪುಸ್ತಕ, ಪೆನ್ಸಿಲುಗಳನ್ನು ಮನೆಯಲ್ಲೇ ಬಿಟ್ಟೆ. ಕನ್ನಡಕ ಬಿಟ್ಟು ಹೊರಟವನ ಹಾಗಾಗಿತ್ತು.

ತಾಷ್ಕೆಂಟ್ ಎಂದರೆ ನನ್ನ ಪೀಳಿಗೆಯವರಿಗೆ ಅದು ಊರಿಗಿಂತ ಮೊದಲು ಒಂದು ಸುದ್ದಿ. ನಮ್ಮ ಪ್ರಧಾನಿಯೊಬ್ಬರು ಅಲ್ಲಿಗೆ ಹೋದವರು ಮರಳಲಿಲ್ಲ ಎಂದು ರೇಡಿಯೋ ಹೇಳಿದ ಬೆಳಿಗ್ಗೆ, ಮೈಸೂರಿನ ನಮ್ಮ ಬೀದಿಯಲ್ಲಿ ಹಾಲಿನವನೂ ಮೆಲ್ಲಗೆ ಕೂಗಿದ್ದು ನನಗೆ ನೆನಪಿದೆ. ಹಾಗಾಗಿ ಆ ಊರು ನನ್ನ ತಲೆಯಲ್ಲಿ ಬೂದುಬಣ್ಣದ್ದಾಗಿತ್ತು. ನಿಜದ ಊರು ಹಾಗಿರಲಿಲ್ಲ. ನಾನು ಇಳಿದಾಗ ಶರತ್ಕಾಲ. ಬೀದಿಗಳು ನಮ್ಮ ದಸರಾ ಮೆರವಣಿಗೆ ಎರಡು ಸಾಲಿನಲ್ಲಿ ಹೋಗಿ ಇನ್ನೂ ಜಾಗ ಉಳಿಯುವಷ್ಟು ಅಗಲ. ಇಕ್ಕೆಲದಲ್ಲಿ ಚಿನಾರ್ ಮರಗಳು, ಮರಗಳ ಬುಡದಲ್ಲಿ ಕಲ್ಲಿನ ಕಾಲುವೆಗಳು, ಕಾಲುವೆಗಳಲ್ಲಿ ಹರಿಯುವ ನೀರು. ಮರುಭೂಮಿಯ ಅಂಚಿನ ಊರಿನಲ್ಲಿ ಎಲ್ಲಿ ನಿಂತರೂ ನೀರಿನ ಸದ್ದು ಕೇಳುತ್ತಿತ್ತು. ಹಿಂದೊಮ್ಮೆ ಭೂಕಂಪದಲ್ಲಿ ನೆಲಕ್ಕೆ ಬಿದ್ದಿದ್ದ ಊರಂತೆ ಅದು. ಅಡಿಕೋಲು ಇಟ್ಟು ಮತ್ತೆ ಗೆರೆ ಎಳೆದಿದ್ದರು.

ಆ ಗೆರೆಗಳ ಮೂಲೆಮೂಲೆಯಲ್ಲೂ ಒಬ್ಬ ಪೊಲೀಸಿನವ.

ಮೊದಲ ದಿನ ನಾನು ಒಂದು ರಸ್ತೆ ದಾಟಿದೆ. ಇದರಲ್ಲಿ ಹೇಳುವುದೇನಿದೆ ಅನ್ನುತ್ತೀರಿ. ಮೈಸೂರಿನಲ್ಲಿ ದನದ ಜೊತೆ, ನ್ಯೂಯಾರ್ಕಿನಲ್ಲಿ ಟ್ಯಾಕ್ಸಿಗಳ ನಡುವೆ ರಸ್ತೆ ದಾಟಿ ಪಳಗಿದವನಿಗೆ, ಒಂದು ವಾಹನವೂ ಇಲ್ಲದ ಆ ಬಯಲನ್ನು ದಾಟುವುದು ಏನು ಮಹಾ ಎನಿಸಿತ್ತು. ನಡುವೆ ತಲುಪಿದಾಗ ಸೀಟಿ ಕೇಳಿತು. ನಿಂತೆ. ಎದುರಿನಿಂದ ಇನ್ನೊಂದು ಸೀಟಿ. ಇಬ್ಬರು ಪೊಲೀಸರು ಎರಡು ಬದಿಯಿಂದ, ಅವಸರವಿಲ್ಲದೆ ನನ್ನತ್ತ ನಡೆದು ಬಂದರು. ಬೈಯಲಿಲ್ಲ. ಒಬ್ಬ ನನ್ನ ಮೊಣಕೈ ಹಿಡಿದು ಹೊರಟಲ್ಲಿಗೇ ವಾಪಸು ಕರೆದೊಯ್ದು, ನೆಲದೊಳಗೆ ಇಳಿಯುವ ಮೆಟ್ಟಿಲು ತೋರಿಸಿದ. ನಾನು ಇಳಿದು, ಆಚೆ ಹತ್ತಿ ಬರುವವರೆಗೆ ಇನ್ನೊಬ್ಬ ಅಲ್ಲೇ ಕಾದಿದ್ದ. ಮಗು ಮೊದಲ ಹೆಜ್ಜೆ ಇಟ್ಟದ್ದನ್ನು ನೋಡಿದವನ ಹಾಗೆ ತಲೆಯಾಡಿಸಿದ.

ನೆಲದಡಿಯ ರೈಲು ಇನ್ನೊಂದು ಬೆರಗು. ಫ್ಲಶಿಂಗಿನಿಂದ ಮ್ಯಾನ್‌ಹಟನ್ನಿಗೆ ದಿನವೂ ಕಮ್ಯೂಟ್ ಮಾಡುವ ನನಗೆ ಸಬ್‌ವೇ ಎಂದರೆ ಗೀಚಿದ ಗೋಡೆ, ಮೂತ್ರದ ವಾಸನೆ, ಕಾಲಡಿಯಲ್ಲಿ ನಿನ್ನೆಯ ಪತ್ರಿಕೆ. ಇಲ್ಲಿ ಅಮೃತಶಿಲೆಯ ಕಂಬಗಳು, ಗಾಜಿನ ಗೊಂಚಲು ದೀಪಗಳು, ಒಂದು ನಿಲ್ದಾಣದಲ್ಲಂತೂ ಮಸೀದಿಯ ಒಳಗಿನಂಥ ಗುಮ್ಮಟಗಳ ಸಾಲು. ಪ್ರತಿ ಗೊಂಚಲಿನ ಕೆಳಗೂ ಒಬ್ಬ ಪೊಲೀಸು. ನಾನು ಕ್ಯಾಮೆರಾ ತೆಗೆದೆ. ಒಂದು ಅಂಗೈ ಬಂದು ಮಸೂರದ ಮೇಲೆ ಕೂತಿತು. ಹುಡುಗ ಮುಖದ ಪೊಲೀಸಿನವ. ಹಿಂದೂಸ್ತಾನದವನೆಂದು ತಿಳಿದ ಕೂಡಲೇ ಅವನ ಮುಖ ಅರಳಿತು, ನಮ್ಮ ಹಿಂದಿ ಸಿನಿಮಾ ನಾಯಕನೊಬ್ಬನ ಹೆಸರು ಹೇಳಿ ಹಾಡತೊಡಗಿದ. ಎರಡನೆಯ ಸಾಲು ನಾನು ಹಾಡಬೇಕೆಂದು ಕಾದ. ನನಗೆ ಬರಲಿಲ್ಲ. ನಮ್ಮ ತಂದೆ ಹಿಂದಿ ಸಿನಿಮಾಕ್ಕೆ ಬಿಟ್ಟವರಲ್ಲ. ನಾನು ನಿಜವಾಗಿ ಭಾರತೀಯನೇ ಎಂಬ ಬಗ್ಗೆ ಅವನಿಗೆ ಅಲ್ಲಿಯವರೆಗೆ ಇಲ್ಲದ ಅನುಮಾನ ಆಗ ಹುಟ್ಟಿತು. ಪಾಸ್‌ಪೋರ್ಟ್ ಕೇಳಿದ. ಅದು ಹೋಟೆಲಿನವರ ವಶದಲ್ಲಿತ್ತು. ಕೊನೆಗೆ ನನ್ನನ್ನು ಬಿಟ್ಟದ್ದು ದಾಖಲೆಯ ಮೇಲಲ್ಲ, ಕನಿಕರದ ಮೇಲೆ.

ಬೆರಗಿಗೂ ಭಯಕ್ಕೂ ಕಣ್ಣು ಒಂದೇ ಥರ ಅಗಲವಾಗುತ್ತದೆ. ಆ ಮೂರು ದಿನ ನನ್ನ ಕಣ್ಣು ಅಗಲವಾಗಿಯೇ ಇತ್ತು. ಯಾವ ಗಳಿಗೆಯಲ್ಲಿ ಯಾವುದು ಎಂದು ಈಗ ವಿಂಗಡಿಸಲಾರೆ.

ಹೋಟೆಲಿನ ಪ್ರತಿ ಮಹಡಿಯಲ್ಲೂ ಮೆಟ್ಟಿಲ ಎದುರಿಗೆ ಒಂದು ಮೇಜು, ಮೇಜಿನ ಹಿಂದೆ ಒಬ್ಬ ಹೆಂಗಸು. ಕೋಣೆಗಳ ಕೀಲಿ ಅವಳ ಬಳಿ. ಹೊರಗೆ ಹೋಗುವಾಗ ಅವಳಿಗೆ ಕೊಡಬೇಕು, ಬಂದಾಗ ಅವಳಿಂದ ಪಡೆಯಬೇಕು. ಯಾರು ಹೋದರು, ಯಾರು ಬಂದರು, ಯಾರ ಜೊತೆ ಬಂದರು ಎಂದು ನೋಡುವುದು ಅವಳ ಕೆಲಸ. ನನ್ನ ಮಹಡಿಯವಳನ್ನು ನಾನು ಮನಸ್ಸಿನಲ್ಲೇ ಕೀಲಿಯಮ್ಮ ಎಂದು ಕರೆದಿದ್ದೆ. ನನ್ನದೇ ವಯಸ್ಸು. ತಲೆಗೆ ಹೂವಿನ ಚೌಕ, ಬಾಯಲ್ಲಿ ಎರಡು ಚಿನ್ನದ ಹಲ್ಲು. ಮುಗುಳ್ನಕ್ಕರೆ ಆ ಹಲ್ಲು ಕಾಣುತ್ತಿದ್ದವು. ಮೊದಲ ದಿನ ಕಾಣಲಿಲ್ಲ.

ಎರಡನೆಯ ದಿನ ಕಂಡದ್ದು ಚಟ್ನಿಪುಡಿಯಿಂದಾಗಿ. ಹೋಟೆಲಿನ ಊಟದಲ್ಲಿ ಮಾಂಸವಿಲ್ಲದ ಪದಾರ್ಥ ನೀರೊಂದೇ ಎಂದು ತಿಳಿದ ಮೇಲೆ, ನಾನು ಬಜಾರಿನಿಂದ ಬಿಸಿ ರೊಟ್ಟಿ ತಂದು, ಶಾರದೆ ಕಟ್ಟಿಕೊಟ್ಟಿದ್ದ ಚಟ್ನಿಪುಡಿ ಹಚ್ಚಿಕೊಂಡು ಕೋಣೆಯಲ್ಲಿ ಕೂತು ತಿನ್ನುತ್ತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಕೀಲಿಯಮ್ಮ, ಮೂಗು ಅರಳಿಸಿಕೊಂಡು. ಏನೋ ಸುಡುತ್ತಿದೆ ಎಂದುಕೊಂಡಿದ್ದಳಂತೆ. ಪುಡಿ ತೋರಿಸಿದೆ. ಬೆರಳು ಅದ್ದಿ ನಾಲಿಗೆಗೆ ಇಟ್ಟಳು, ಕಣ್ಣಲ್ಲಿ ನೀರು ಬಂತು, ಹಲ್ಲು ಕಂಡವು. ಆಮೇಲೆ ಅವಳು ಹಿಂದಿಯಲ್ಲಿ ಮಾತಾಡಿದಳು. ಅಲ್ಲಿಯ ಕೆಲವು ಶಾಲೆಗಳಲ್ಲಿ ಹಿಂದಿ ಕಲಿಸುತ್ತಿದ್ದರು, ಅವಳು ಅಂಥ ಶಾಲೆಯಲ್ಲಿ ಓದಿದವಳು. ನನ್ನದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಹಿಂದಿ. ಉತ್ತರದವನೊಬ್ಬ ಅಲ್ಲಿದ್ದಿದ್ದರೆ ಇಬ್ಬರನ್ನೂ ಫೇಲು ಮಾಡುತ್ತಿದ್ದ. ಆದರೆ ತಪ್ಪುಗಳು ಒಂದೇ ಬಗೆಯವಾದ್ದರಿಂದ ನಮಗೆ ನಮ್ಮ ಮಾತು ಚೆನ್ನಾಗಿ ತಿಳಿಯುತ್ತಿತ್ತು. ಅವಳ ಹೆಸರು ತಮಾರಾ ಎಂದು ಗೊತ್ತಾಯಿತು. ನಾಳೆಯೂ ರೊಟ್ಟಿ ತರಲು ಹೋಗುತ್ತೀರಾ ಎಂದು ಕೇಳಿದಳು. ಹೌದು ಎಂದೆ. ಬೆಳಿಗ್ಗೆ ಹೋಗಿ, ಬಿಸಿಯಾಗಿರುತ್ತದೆ ಎಂದು ಹೇಳಿ ಹೋದಳು.

ಮರುದಿನ ಬೆಳಿಗ್ಗೆ ಬಜಾರಿನ ನೀಲಿ ಗುಮ್ಮಟದ ಕೆಳಗೆ, ರೊಟ್ಟಿ ಮಾರುವವರ ಸಾಲಿನಲ್ಲಿ ನಾನು ನಿಂತಿದ್ದಾಗ ಪಕ್ಕದಲ್ಲಿ ಹೂವಿನ ಚೌಕವೊಂದು ಬಂದು ನಿಂತಿತು. ಅವಳು ನನ್ನ ಕಡೆ ನೋಡಲಿಲ್ಲ. ಒಂದು ರೊಟ್ಟಿ ಎತ್ತಿ, ತಿರುಗಿಸಿ, ಅದರ ಬೆನ್ನು ತಟ್ಟುತ್ತಾ ರೊಟ್ಟಿಗೇ ಹೇಳುವಂತೆ ಮಾತಾಡಿದಳು. ನೀವು ಕೂಡ ನನ್ನ ಕಡೆ ನೋಡಬೇಡಿ ಎಂದಳು.

ಹೇಳಿದ್ದು ಇಷ್ಟು. ಅವಳಿಗೆ ಒಬ್ಬ ಅಣ್ಣ, ಇಲ್ಯಾ. ಅವರದು ಬುಖಾರಾ ಕಡೆಯಿಂದ ಬಂದ ಯೆಹೂದಿ ಮನೆತನ, ತಂದೆಯ ಕಾಲದಿಂದ ಕ್ಷೌರದ ಕಸುಬು. ಹತ್ತು ವರ್ಷಕ್ಕೂ ಹಿಂದೆ, ಯೆಹೂದಿಗಳು ದೇಶ ಬಿಡಲು ಸರ್ಕಾರ ಬಾಗಿಲು ಸ್ವಲ್ಪ ತೆರೆದಿದ್ದಾಗ, ಅಣ್ಣ ಹೊರಟುಹೋದ. ನ್ಯೂಯಾರ್ಕಿನ ಕ್ವೀನ್ಸ್ ಎಂಬಲ್ಲಿ ಕತ್ತರಿ ಹಿಡಿದಿದ್ದಾನೆ ಎಂದು ಒಮ್ಮೆ ಯಾರೋ ಹೇಳಿದರು. ಆಮೇಲೆ ಏನೂ ಇಲ್ಲ. ಇವಳೂ ಬರೆಯಲಿಲ್ಲ.

"ಒಂದು ಕಾಗದ ಬರೆದಿದ್ದರೂ ನನಗೆ ಆ ಮೇಜು ಇರುತ್ತಿರಲಿಲ್ಲ. ಆ ಮೇಜಿನಿಂದ ನಾನೂ ಅಮ್ಮನೂ ಊಟ ಮಾಡುತ್ತೇವೆ," ಎಂದಳು.

ಆಮೇಲೆ ಕೈಯಲ್ಲಿದ್ದ ರೊಟ್ಟಿಯ ಅಂಚನ್ನು ಬೆರಳಿನಿಂದ ಮುಟ್ಟಿ ಅವರ ಪದ್ಧತಿಯೊಂದನ್ನು ವಿವರಿಸಿದಳು. ಮನೆಯಿಂದ ದೂರ ಹೊರಟವನು ಒಂದು ರೊಟ್ಟಿಯನ್ನು ಒಂದು ತುತ್ತು ಕಚ್ಚಿ ಹೋಗಬೇಕು. ಉಳಿದದ್ದನ್ನು ಮನೆಯವರು ಗೋಡೆಗೆ ತೂಗುಹಾಕುತ್ತಾರೆ. ಅವನ ಪಾಲಿನ ಅನ್ನ ಅಲ್ಲಿದೆ, ಆದ್ದರಿಂದ ಅವನು ಬಂದೇ ಬರಬೇಕು. ಬಂದವನು ಅದನ್ನು ತಿಂದು ಮುಗಿಸುತ್ತಾನೆ. ಇಲ್ಯಾ ಕಚ್ಚಿದ ರೊಟ್ಟಿಯನ್ನು ಅಮ್ಮ ತನ್ನ ಕೈಯಿಂದಲೇ ತಟ್ಟಿ ಸುಟ್ಟಿದ್ದಳು. ಅದು ಇನ್ನೂ ಗೋಡೆಯ ಮೇಲಿತ್ತು. ಸತ್ತವನ ರೊಟ್ಟಿ ಮನೆಯೊಳಗೆ ಇಡಬಾರದು, ಇಳಿಸು ಎಂದು ನೆಂಟರು ಅಮ್ಮನಿಗೆ ಹೇಳುತ್ತಲೇ ಇದ್ದರು.

"ಅವನು ಇದ್ದಾನೋ ಇಲ್ಲವೋ, ಅಮ್ಮನಿಗೆ ತಿಳಿಯಬೇಕು. ಅವನು ಸಿಕ್ಕಿದರೆ ಹೇಳಿ: ರೊಟ್ಟಿ ಗೋಡೆಯ ಮೇಲಿದೆ, ಅಮ್ಮ ಇಳಿಸಲು ಬಿಡುವುದಿಲ್ಲ. ಬರೆದುಕೊಳ್ಳಬೇಡಿ."

ರೊಟ್ಟಿ ಕೆಳಗಿಟ್ಟು ಗುಂಪಿನಲ್ಲಿ ಸೇರಿಹೋದಳು.

ನಾನು ತಣ್ಣನೆಯ ತಲೆಯವನೆಂದು ಕಚೇರಿಯಲ್ಲಿ ಹೆಸರು. ಆ ತಲೆ ಅಲ್ಲೇ ಕೆಲಸ ಶುರುಮಾಡಿತು. ಕಾವಲು ಕಾಯುವುದೇ ಕಸುಬಾದ ಹೆಂಗಸು, ನ್ಯೂಯಾರ್ಕಿನ ಚೀಟಿ ಅಂಟಿಸಿದ ಪೆಟ್ಟಿಗೆಯವನನ್ನು ಹುಡುಕಿಕೊಂಡು ಬಂದು ಯಾಕೆ ಮಾತಾಡಬೇಕು? ಯಾರೋ ಅವಳನ್ನು ಕಳಿಸಿರಬಾರದೇಕೆ? ಬಜಾರಿನ ಬಾಗಿಲಲ್ಲಿ ನಿಂತಿದ್ದ ಪೊಲೀಸಿನವನ ಕಣ್ಣು ನನ್ನ ಮೇಲಿತ್ತೆ, ಕಲ್ಲಂಗಡಿಯ ರಾಶಿಯ ಮೇಲಿತ್ತೆ? ಇಡೀ ದಿನ ಊರು ಸುತ್ತುತ್ತಾ ಇದನ್ನೇ ತೂಗಿದೆ. ಎರಡು ಕಡೆಯಿಂದ ಖಚಿತವಾಗದ ಸುದ್ದಿಯನ್ನು ಅಚ್ಚಿಗೆ ಕಳಿಸಬಾರದು ಎಂಬುದು ನಮ್ಮ ನಿಯಮ. ಇಲ್ಲಿ ಇದ್ದದ್ದು ಒಂದೇ ಕಡೆ.

ಎರಡನೆಯ ಕಡೆ ಮರುದಿನ ಬೆಳಿಗ್ಗೆ ಸಿಕ್ಕಿತು. ಹೊರಡುವಾಗ ಕೀಲಿ ಒಪ್ಪಿಸಲು ಹೋದೆ. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಅವಳು ಮೇಜಿನ ಖಾನೆಯಿಂದ ಒಂದು ರೊಟ್ಟಿ ತೆಗೆದು ನನ್ನ ಬಾಯಿಯ ಮುಂದೆ ಹಿಡಿದಳು. ಕಣ್ಣು ಮೆಟ್ಟಿಲ ಕಡೆಗೇ ಇತ್ತು. ಯಾರೋ ಕಳಿಸಿದವಳಾಗಿದ್ದರೆ ಯಾರಾದರೂ ಬಂದಾರೆಂದು ಹಾಗೆ ನೋಡಬೇಕಾಗಿರಲಿಲ್ಲ. ನಾನು ಕಚ್ಚಿದೆ. ಅವಳು ಉಳಿದದ್ದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಕೀಲಿಗಳ ಜೊತೆ ಖಾನೆಯಲ್ಲಿಟ್ಟು ಮುಚ್ಚಿದಳು. ಮೂಲೆಮೂಲೆಯಲ್ಲಿ ಕಾವಲಿದ್ದ ಊರಿನಲ್ಲಿ, ಒಂದು ಗೋಡೆಯೂ ಒಂದು ಖಾನೆಯೂ ಬೇರೆಯೇ ಬಗೆಯ ಕಾವಲು ಕಾಯುತ್ತಿದ್ದವು. ಗೊಂಚಲು ದೀಪಗಳನ್ನು ನಾನು ಮರೆತೇನು, ಅದನ್ನು ಮರೆಯಲಾರೆ.

ಮೈಸೂರಿನಲ್ಲಿ ಮದುವೆ ಚೆನ್ನಾಗಿ ಆಯಿತು. ಹೊರಡುವ ದಿನ ಅಕ್ಕ ಎಂದಿನಂತೆ ಅಂಗೈಗೆ ಒಂದು ಚಮಚ ಮೊಸರು ಹಾಕಿದಳು. "ಹೋಗಿ ಬರ್ತೀನಿ ಅನ್ನು. ಬರೀ ಹೋಗ್ತೀನಿ ಅಂದ್ರೆ ನೋಡು," ಎಂದು ಎಂದಿನಂತೆ ಗದರಿದಳು. ನಾನು ಬೀದಿಯ ತಿರುವು ದಾಟುವವರೆಗೆ ಮನೆ ಗುಡಿಸುವಂತಿಲ್ಲ. ಹೊರಟವರ ಹಿಂದೆಯೇ ಗುಡಿಸಿದರೆ ಅವರ ದಾರಿಯನ್ನೇ ಗುಡಿಸಿದ ಹಾಗೆ ಎಂದು ಅವಳ ಲೆಕ್ಕ. ಇದಕ್ಕೆಲ್ಲ ನಾನು ಪ್ರತಿಸಲ ನಗುತ್ತಿದ್ದೆ. ಆ ಸಲ ನಗು ಬರಲಿಲ್ಲ. ಆಟೋದಲ್ಲಿ ಕೂತು ತಿರುಗಿ ನೋಡಿದರೆ ಅವಳು ಪೊರಕೆಯನ್ನು ಮುಟ್ಟದೆ ಬಾಗಿಲಲ್ಲಿ ನಿಂತಿದ್ದಳು.

ನ್ಯೂಯಾರ್ಕಿಗೆ ಬಂದ ಮೊದಲ ಭಾನುವಾರವೇ ಹುಡುಕಲು ಹೊರಟೆ. ಭಾನುವಾರ ನಾವು ಫ್ಲಶಿಂಗ್‌ನ ಗಣೇಶನ ಗುಡಿಗೆ ಹೋಗಿ, ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ತಿನ್ನುವ ರೂಢಿ. ದೋಸೆಯ ಸರತಿಯಲ್ಲಿ ಶಾರದೆಯನ್ನು ನಿಲ್ಲಿಸಿ, ನಾನು ಬಸ್ಸು ಹಿಡಿದು ಆ ಕಡೆಯವರು ನೆಲೆಸಿದ್ದ ಬೀದಿಗಳಿಗೆ ಹೋಗುತ್ತಿದ್ದೆ. ಕ್ಷೌರದಂಗಡಿಗೆ ಹೋಗಿ ಬರಿದೇ ಪ್ರಶ್ನೆ ಕೇಳಿ ಬರುವುದು ಮರ್ಯಾದೆಯಲ್ಲ ಎಂದು ನನಗನಿಸಿತು. ಆದ್ದರಿಂದ ಮೊದಲು ಕುರ್ಚಿಯಲ್ಲಿ ಕೂತು, ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು, ಆಮೇಲೆ ಕೇಳುತ್ತಿದ್ದೆ: ನೀವು ತಾಷ್ಕೆಂಟಿನವರೇ? ಇಲ್ಯಾ ಎಂಬವರು ಗೊತ್ತೇ?

ಮೊದಲ ಅಂಗಡಿಯವನು ಗಟ್ಟಿಮುಟ್ಟಾದ, ನರೆತ ಮೀಸೆಯ ಮನುಷ್ಯ. ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿ, ತಾನು ಬೋರಿಸ್, ಇಲ್ಯಾ ಯಾರೂ ತನಗೆ ಗೊತ್ತಿಲ್ಲ ಎಂದ. ಎರಡನೆಯ ಅಂಗಡಿಯಲ್ಲಿ ಕೇಳುತ್ತಿದ್ದಂತೆ ರೇಡಿಯೋದ ಸದ್ದು ಜೋರಾಯಿತು. ಮೂರನೆಯವನು ಅರ್ಧ ಕ್ಷೌರಕ್ಕೇ ಬಟ್ಟೆ ಬಿಚ್ಚಿದ. ಎಲ್ಲರೂ ಕನ್ನಡಿಯಲ್ಲಿ ಒಂದೇ ಥರ ನೋಡುತ್ತಿದ್ದರು. ಆ ನೋಟ ನನಗೆ ಗೊತ್ತಿತ್ತು. ತಾಷ್ಕೆಂಟಿನ ಬೀದಿಯಲ್ಲಿ ಪೊಲೀಸಿನವನನ್ನು ನಾನು ನೋಡುತ್ತಿದ್ದದ್ದು ಹಾಗೆ. ಆ ಊರಿನ ಕಾವಲು ಕಡಲು ದಾಟಿ, ಇವರ ಜೊತೆ ಕ್ವೀನ್ಸಿಗೂ ಬಂದಿತ್ತು. ಮೂಲೆಯಲ್ಲಿ ನಿಲ್ಲಲು ಅದಕ್ಕೆ ಈಗ ಪೊಲೀಸಿನವನೂ ಬೇಕಿರಲಿಲ್ಲ. ಹೆಸರು ಹಿಡಿದು ಕೇಳುವ ಅಪರಿಚಿತನೊಬ್ಬ ಸಾಕಿತ್ತು.

ನನ್ನ ತಲೆಗೂದಲು ವಾರದಿಂದ ವಾರಕ್ಕೆ ಕಮ್ಮಿಯಾಗುತ್ತಿತ್ತು.

"ಇನ್ನೊಂದು ಅಂಗಡಿಗೆ ಹೋದ್ರೆ ತಿರುಪತಿಗೆ ಹೋಗಿ ಬಂದೋರ ಥರ ಕಾಣ್ತೀರಿ," ಎಂದಳು ಶಾರದೆ. ಆಮೇಲೆ ಒಂದು ಕಡೆಯ ಕೆನ್ನೆಗೂದಲನ್ನು ಎಳೆದು ನೋಡಿ, "ಇದೊಂದು ಕಡೆ ಉದ್ದ ಇದೆ. ಮೊದಲನೇ ಅಂಗಡಿಯವನು ನೀಟಾಗಿ ಮಾಡಿದ್ದ, ಅವನ ಹತ್ರಾನೇ ಸರಿಮಾಡಿಸ್ಕೊಂಡು ಬನ್ನಿ. ಮತ್ತೆ, ಏನೂ ಕೇಳ್ಬೇಡಿ."

"ಕೇಳದೆ ಹೇಗೆ ಗೊತ್ತಾಗತ್ತೆ?"

"ಆಕೆ ನಿಮಗೆ ಕೇಳು ಅಂದ್ಳಾ, ಹೇಳು ಅಂದ್ಳಾ? ಕೇಳ್ತಾ ಹೋದ್ರೆ ಪೊಲೀಸ್ ಅಂದ್ಕೋತಾರೆ. ಹೇಳೋಕೆ ಬಂದೋರು ನೀವು, ಹೇಳಿ."

ಜೀವನವೆಲ್ಲ ಪ್ರಶ್ನೆ ಕೇಳುವುದನ್ನೇ ಕೆಲಸ ಎಂದುಕೊಂಡಿದ್ದವನಿಗೆ ಇದು ಹೊಳೆದಿರಲಿಲ್ಲ. ಮುಂದಿನ ಭಾನುವಾರ ಬೋರಿಸನ ಕುರ್ಚಿಯಲ್ಲಿ ಕೂತೆ. ಅವನು ಕೆನ್ನೆಯ ಕೂದಲನ್ನು ಬಾಚಣಿಗೆಯಿಂದ ಎತ್ತಿದ. ನಾನು ಕಣ್ಣು ಮುಚ್ಚಿಕೊಂಡು, ಯಾರಿಗೂ ಅಲ್ಲ ಎನ್ನುವಂತೆ, ಸರಳವಾದ ಇಂಗ್ಲಿಷಿನಲ್ಲಿ ಹೇಳಿದೆ.

"ರೊಟ್ಟಿ ಗೋಡೆಯ ಮೇಲಿದೆ. ಅಮ್ಮ ಇಳಿಸಲು ಬಿಡುವುದಿಲ್ಲ."

ಕತ್ತರಿಯ ಸದ್ದು ನಿಂತಿತು. ಕಣ್ಣು ತೆರೆದರೆ ಕನ್ನಡಿಯಲ್ಲಿ ಅವನು ನನ್ನನ್ನು ನೋಡುತ್ತಿರಲಿಲ್ಲ. ನನ್ನ ತಲೆಯ ಮೇಲಿನ ಗಾಳಿಯಲ್ಲಿ ಏನನ್ನೋ ನೋಡುತ್ತಿದ್ದ.

"ಅಮ್ಮ?" ಎಂದ.

"ಇದ್ದಾರೆ. ನಿಮ್ಮ ತಂಗಿಯೇ ಹೇಳಿ ಕಳಿಸಿದ್ದು."

ಅವನು ಮತ್ತೆ ಕತ್ತರಿ ಎತ್ತಿ, ಕೆನ್ನೆಯ ಎರಡೂ ಬದಿಯನ್ನು ಸಮ ಮಾಡಿ, ಕುತ್ತಿಗೆಗೆ ಪೌಡರು ಹಚ್ಚಿ, ಬಟ್ಟೆ ಕೊಡವಿ, ಕೆಲಸ ಪೂರ್ತಿ ಮುಗಿಸಿದ. ಬಾಗಿಲಿಗೆ ಮುಚ್ಚಿದೆ ಎಂಬ ಫಲಕ ಹಾಕಿದ. ಆಮೇಲೆ ನನ್ನ ಪಕ್ಕದ ಕುರ್ಚಿಯಲ್ಲಿ, ಗಿರಾಕಿಯಂತೆ ಕನ್ನಡಿಯ ಕಡೆ ಮುಖ ಮಾಡಿ ಕೂತ. ಬೋರಿಸ್ ಎಂಬುದು ಇಲ್ಲಿಗೆ ಬಂದ ಮೇಲೆ ಇಟ್ಟುಕೊಂಡ ಹೆಸರು. ಬರೆದರೆ ತಂಗಿಯ ಕೆಲಸ ಹೋದೀತೆಂದು ತಾನೂ ಬರೆದಿರಲಿಲ್ಲ ಎಂದ. ಅಣ್ಣನೂ ತಂಗಿಯೂ ಒಬ್ಬರನ್ನೊಬ್ಬರು ಕಾಯಲೆಂದೇ ಇಷ್ಟು ವರ್ಷ ಸುಮ್ಮನಿದ್ದರು.

ಉತ್ತರ ಹೋದದ್ದು ಪಾಟೀಲರ ಬಾಯಲ್ಲಿ. ಮುಂದಿನ ಬೇಸಿಗೆಯಲ್ಲಿ ಅವರು ಅದೇ ಅಗ್ಗದ ದಾರಿಯಲ್ಲಿ ಊರಿಗೆ ಹೊರಟಿದ್ದರು. ಇಲ್ಯಾ ಹೇಳಿದ ಮಾತನ್ನು ನಾನು ಅವರಿಗೆ ಹಿಂದಿಯಲ್ಲಿ ಹೇಳಿಕೊಟ್ಟೆ. ಸೀಕಾಕಸ್‌ನಿಂದ ಕೆನಡಿ ವಿಮಾನನಿಲ್ದಾಣದವರೆಗೆ ಕಾರು ಡ್ರೈವ್ ಮಾಡುತ್ತಾ ಅವರು ಅದನ್ನು ಮಂತ್ರದಂತೆ ಜಪಿಸಿದರು. ರೊಟ್ಟಿ ಇಳಿಸಬೇಡಿ, ನನಗೆ ಇನ್ನೂ ಹಸಿವಿದೆ. ವಾಪಸು ಬಂದ ಮೇಲೆ ಫೋನು ಮಾಡಿ ವರದಿ ಒಪ್ಪಿಸಿದರು.

"ನಿಮ್ಮ ಮಹಡಿಯಾಗ ಖೋಲಿ ಕೇಳಿ ಇಸ್ಕೊಂಡು, ಹೇಳಿದೆ ಸರ. ಆಕಿ ಕೀಲಿ ಕೊಟ್ಟಳು, ಎದ್ದು ಕಿಟಕಿ ಹತ್ರ ಹೋಗಿ ಆ ಕಡೆ ಮಾರಿ ಮಾಡಿ ನಿಂತಳು. ಅಷ್ಟ. ನಾ ಸುಮ್ನ ಖೋಲಿಗೆ ಹೋದೆ. ನನಗೂ ಯಾಕೋ ಆ ದಿನ ಊಟ ಹೋಗಲಿಲ್ಲ ನೋಡ್ರಿ."

ಆಮೇಲೆ ಆದದ್ದು ಲೋಕಕ್ಕೆಲ್ಲ ಗೊತ್ತಿರುವ ಸುದ್ದಿ. ಆ ದೇಶವೇ ಕಳಚಿಕೊಂಡಿತು. ಸುದ್ದಿಮನೆಯ ನಮ್ಮ ಮೇಜಿನ ಮೇಲೆ ಭೂಪಟಗಳು ವಾರಕ್ಕೊಮ್ಮೆ ಬದಲಾದವು. ಕ್ವೀನ್ಸಿನ ಆ ಬೀದಿಗಳಲ್ಲಿ ರೊಟ್ಟಿಯಂಗಡಿಗಳು ತೆರೆದವು, ಕರಿಜೀರಿಗೆಯ ವಾಸನೆ ಬಸ್ಸಿನೊಳಕ್ಕೂ ಬರತೊಡಗಿತು. ಹೋದ ತಿಂಗಳು ತಮಾರಾ ಬಂದಳು. ಅವಳ ಕೈಚೀಲದಲ್ಲಿ ಬಿಳಿ ಬಟ್ಟೆಯ ಎರಡು ಗಂಟುಗಳಿದ್ದವು. ಕೆನಡಿಯಲ್ಲಿ ಸುಂಕದವನು ಅವನ್ನು ಬಿಚ್ಚಿ, ಇದೇನು ಎಂದು ಕೇಳಿದನಂತೆ. ಅಣ್ಣನ ಊಟ ಎಂದಳಂತೆ. ಅವನು ನಕ್ಕು, ಮತ್ತೆ ಗಂಟು ಕಟ್ಟಿ ಕೊಟ್ಟನಂತೆ. ಇದನ್ನು ಅವಳು ನಮಗೆ ಹೇಳಿದಾಗ, ಅದು ನಿಜವಾಗಿ ನಡೆದದ್ದೇ ಎಂದು ಅವಳಿಗೇ ಇನ್ನೂ ನಂಬಿಕೆ ಬಂದಿರಲಿಲ್ಲ.

ಅಮ್ಮ ಬರಲಿಲ್ಲ. ಹಿಂದಿನ ಚಳಿಗಾಲದಲ್ಲಿ ತೀರಿಕೊಂಡರು. ಆದರೆ ಪಾಟೀಲರ ಮಾತು ತಲುಪಿದ ದಿನ ಆಕೆ ತಂದೂರ್ ಒಲೆ ತುಂಬ ರೊಟ್ಟಿ ಸುಟ್ಟು ಬೀದಿಗೆಲ್ಲ ಹಂಚಿದರಂತೆ. ಏನು ವಿಶೇಷ ಎಂದು ಕೇಳಿದವರಿಗೆ, ಹೊಸ ಹಿಟ್ಟು ಬಂದಿದೆ ಎಂದರಂತೆ. ನನ್ನ ರೊಟ್ಟಿಯೂ ಇಲ್ಯಾನದರ ಪಕ್ಕದಲ್ಲೇ ತೂಗುತ್ತಿತ್ತು. ಆಕೆ ಎರಡರ ದೂಳನ್ನೂ ಒರೆಸುತ್ತಿದ್ದರು.

ಈಗ ತೊಡಕು ಇಲ್ಯಾನದು. ರೊಟ್ಟಿ ಬಂದು ಇಷ್ಟು ದಿನವಾದರೂ ಅವನು ತಿನ್ನುತ್ತಿಲ್ಲ. ಅಂಗಡಿಯ ಕನ್ನಡಿಯ ಮುಂದೆ ಇಟ್ಟುಕೊಂಡು ಕೂದಲು ಕತ್ತರಿಸುತ್ತಾನೆ. ಹಿಂತಿರುಗಿದವನು ತಿನ್ನಬೇಕಾದದ್ದು, ನಾನು ಹಿಂತಿರುಗಲಿಲ್ಲವಲ್ಲ ಎನ್ನುತ್ತಾನಂತೆ. ಹೋದ ವಾರ ತಮಾರಾ ನನ್ನ ಪಾಲಿನದನ್ನು ತಂದು ಈ ಮೇಜಿನ ಮೇಲಿಟ್ಟಳು. ನೀವು ತಿಂದರೆ ಅವನೂ ತಿನ್ನುತ್ತಾನೆ, ಭಾನುವಾರ ಕರೆದುಕೊಂಡು ಬರುತ್ತೇನೆ ಎಂದಳು. ನಾನೂ ಹಿಂತಿರುಗಿದವನಲ್ಲ ಎಂದು ನೆನಪಿಸಿದೆ.

"ನೀವು ಬರಲಿಲ್ಲ. ನಿಮ್ಮಿಂದ ಬರಬೇಕಾದದ್ದು ಬಂತು," ಎಂದಳು.

ಇಂದು ಭಾನುವಾರ. ಇಷ್ಟು ಬರೆಯುವ ಹೊತ್ತಿಗೆ ಕೆಳಗಿನಿಂದ ಕರೆಗಂಟೆ ಕೇಳಿತು. ಉಳಿದದ್ದನ್ನು ಅವರು ಹೋದ ಮೇಲೆ ಬರೆಯುತ್ತಿದ್ದೇನೆ.

ತಮಾರಾ ಹಸಿರು ಚಹಾ ಮಾಡಿದಳು, ಹಾಲಿಲ್ಲ, ಸಕ್ಕರೆಯಿಲ್ಲ. ಶಾರದೆ ಎರಡು ಬೋಗುಣಿ ತಂದಿಟ್ಟಳು. ನಾನು ನನ್ನ ರೊಟ್ಟಿಯನ್ನು ಮೇಜಿನ ಅಂಚಿಗೆ ಬಡಿದು ಮುರಿದು, ಚೂರುಗಳನ್ನು ಚಹಾದಲ್ಲಿ ನೆನೆಹಾಕಿ ತಿಂದೆ. ಹೊಗೆಯ ರುಚಿ ಇತ್ತು. ಇಲ್ಯಾ ಬೋಗುಣಿಯ ಮುಂದೆ ತನ್ನ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಅದರಲ್ಲಿ ಕಚ್ಚಿದ ಗುರುತು ದೊಡ್ಡದು. ಹೊರಡುವ ಆ ದಿನ ಅವನಿಗೆ ತುಂಬ ಹಸಿವಿದ್ದಿರಬೇಕು. ಶಾರದೆ ಬೂಷ್ಟಿನ ಮಾತೆತ್ತಲಿಲ್ಲ. ಕೊನೆಗೆ ಅವನು ಹಳೆಯ ಗುರುತಿನ ಪಕ್ಕದಲ್ಲೇ ಒಂದು ಚೂರು ಮುರಿದು, ಅದ್ದಿ, ಬಾಯಿಗಿಟ್ಟ. ನಿಧಾನವಾಗಿ ಅಗಿದ.

"ಉಪ್ಪು ಕಡಿಮೆ," ಎಂದ. "ಅಮ್ಮ ಯಾವಾಗಲೂ ಉಪ್ಪು ಕಡಿಮೆ ಹಾಕುತ್ತಿದ್ದಳು."

ತಮಾರಾ ನಕ್ಕಳು, ಚಿನ್ನದ ಹಲ್ಲು ಕಂಡವು, ಆಮೇಲೆ ಚೌಕದ ತುದಿಯಿಂದ ಕಣ್ಣೊತ್ತಿಕೊಂಡಳು. ಅವನು ಎಲ್ಲವನ್ನೂ ತಿಂದ, ಬೋಗುಣಿಯ ತಳದಲ್ಲಿದ್ದ ಹುಡಿಯನ್ನೂ ಕುಡಿದ.

ಅವರು ಹೊರಟರು. ಮೇಜಿನ ಕೆಳಗೆ ಗಟ್ಟಿ ರೊಟ್ಟಿಯ ಚೂರುಗಳು ಕಾಲಿಗೆ ಚುಚ್ಚುವಂತೆ ಹರಡಿದ್ದವು. ನಾನು ಪೊರಕೆ ತರಲು ಎದ್ದೆ. ಅಕ್ಕನ ಮಾತಿಗೆಲ್ಲ ನನ್ನ ಜೊತೆ ಸೇರಿ ನಗುತ್ತಿದ್ದ ಶಾರದೆ, ಕಿಟಕಿಯಿಂದ ಕೆಳಗೆ ಅಣ್ಣತಂಗಿ ನಡೆದು ಹೋಗುವುದನ್ನು ನೋಡುತ್ತಾ ಕೈ ಅಡ್ಡ ಹಿಡಿದಳು.

"ಇರ್ಲಿ ಬಿಡಿ. ಅವರು ತಿರುವು ದಾಟ್ಲಿ, ಆಮೇಲೆ ಗುಡಿಸ್ತೀನಿ."